ಜಿಂಕೆಯೂ ನರ್ವಸ್, ಜೆಇಇ ಹುಡುಗನೂ ನರ್ವಸ್

ದಕ್ಷಿಣ ದೆಹಲಿಯ ಹೌಜ್ ಖಾಸ್‌ನಲ್ಲಿ ‘ನರ್ವಸ್’ ಎಂಬ ಇಂಗ್ಲಿಷ್ ಪದಕ್ಕೆ ದಿನವೂ ಕೈತುಂಬ ಕೆಲಸ. ಇಲ್ಲಿನ ಐಐಟಿಯಲ್ಲಿ ವರ್ಷವಿಡೀ ಒಂದಲ್ಲ ಒಂದು ಪರೀಕ್ಷೆ, ವೈವಾ, ಸಂದರ್ಶನ, ಕ್ಯಾಂಪಸ್ ನೇಮಕಾತಿ. ಹತ್ತಿರದ ಕಾಲೂ ಸರಾಯ್ ಗಲ್ಲಿಗಳಲ್ಲಿ ಜೆಇಇ ಪರೀಕ್ಷೆ ಬರೆದು ಅದೇ ಐಐಟಿಯ ಒಳಗೆ ಕಾಲಿಡಬೇಕೆಂದು ಹಗಲೂ ರಾತ್ರಿ ಓದುವ ಕೋಚಿಂಗ್ ಮಕ್ಕಳು. ಸಂದರ್ಶನದ ಬಾಗಿಲಾಚೆ ಫೈಲು ಹಿಡಿದು ನಿಂತ ಹುಡುಗ ಬಿಹಾರದವನಿರಲಿ, ಬಳ್ಳಾರಿಯವನಿರಲಿ, ಹೇಗಿದ್ದೀಯಪ್ಪ ಎಂದರೆ ‘ಸ್ವಲ್ಪ ನರ್ವಸ್’ ಅನ್ನುತ್ತಾನೆ. ಅದೇ ಬಡಾವಣೆಯ ಇನ್ನೊಂದು ಬದಿಗೆ ಜಿಂಕೆ ಉದ್ಯಾನ. ಅಲ್ಲಿನ ಚುಕ್ಕೆ ಜಿಂಕೆಯ ಬಗ್ಗೆ ಪಶುವೈದ್ಯರನ್ನು ಕೇಳಿದರೂ ಬರುವ ಮಾತು ಅದೇ: ಬಹಳ ನರ್ವಸ್ ಪ್ರಾಣಿ. ಮೆಟ್ರೋದಲ್ಲಿ ಉತ್ತರಕ್ಕೆ ಎರಡು ನಿಲ್ದಾಣ ಹೋದರೆ ಏಮ್ಸ್ ಆಸ್ಪತ್ರೆ. ಅಲ್ಲಿ ‘ನರ್ವಸ್ ಸಿಸ್ಟಂ’ ಎಂದರೆ ಮಿದುಳು, ಬೆನ್ನುಹುರಿ, ನರಗಳ ಜಾಲ. ಸಂಜೆ ಮನೆಗೆ ಬಂದರೆ ಪಕ್ಕದವರು ಯಾರದೋ ಬಗ್ಗೆ ದನಿ ತಗ್ಗಿಸಿ ‘ನರ್ವಸ್ ಬ್ರೇಕ್‌ಡೌನ್ ಅಂತೆ’ ಎನ್ನುತ್ತಿರುತ್ತಾರೆ.

ಗಳಿಗೆಯ ಅಳುಕು, ಹುಟ್ಟಿನಿಂದ ಬಂದ ಜಾಯಮಾನ, ದೇಹದೊಳಗಿನ ಒಂದು ವ್ಯವಸ್ಥೆ, ಕೊನೆಗೆ ಕಾಯಿಲೆ. ಇಷ್ಟಕ್ಕೂ ಒಂದೇ ಪದ. ಇಂಗ್ಲಿಷರಿಗೇ ಇದು ಕಲಸುಮೇಲೋಗರ. ನಾವು ಆ ಗೊಂದಲವನ್ನು ಪದದ ಜೊತೆಗೇ ಆಮದು ಮಾಡಿಕೊಂಡಿದ್ದೇವೆ. ಅಳುಕನ್ನು ಕಾಯಿಲೆ ಎಂದುಕೊಂಡು ಔಷಧಿ ಹುಡುಕುವವರು ಒಂದು ಕಡೆ, ನಿಜವಾದ ಕಾಯಿಲೆಯನ್ನು ‘ಅವನ ಸ್ವಭಾವವೇ ಹಾಗೆ’ ಎಂದು ಬಿಟ್ಟುಬಿಡುವವರು ಇನ್ನೊಂದು ಕಡೆ. ಎರಡನೆಯ ತಪ್ಪೇ ಹೆಚ್ಚು ದುಬಾರಿ ಎಂಬುದು ನನ್ನ ಅಭಿಪ್ರಾಯ.

ಪದದ ಹುಟ್ಟು ಕೇಳಿದರೆ ಆಶ್ಚರ್ಯವಾಗುತ್ತದೆ. ಗ್ರೀಕಿನ ‘ನ್ಯೂರಾನ್’, ಲ್ಯಾಟಿನ್ನಿನ ‘ನೆರ್ವಸ್’ ಎರಡಕ್ಕೂ ಮೊದಲಿದ್ದ ಅರ್ಥ ಸ್ನಾಯುರಜ್ಜು, ಬಿಲ್ಲಿನ ಹೆದೆ, ವಾದ್ಯದ ತಂತಿ. ಪ್ರಾಣಿಯ ಮೈಯಿಂದ ತೆಗೆದು ಹುರಿಗೊಳಿಸಿ ಬಿಲ್ಲಿಗೆ ಕಟ್ಟುತ್ತಿದ್ದ ಗಟ್ಟಿ ದಾರ ಅದು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ವೈದ್ಯ ಹೀರೊಫಿಲಸ್ ಹೆಣಗಳನ್ನು ಕೊಯ್ದು ನೋಡಿ, ಮಿದುಳಿನಿಂದ ಹೊರಟು ಮೈಗೆಲ್ಲ ಹರಡುವ ಎಳೆಗಳೇ ಬೇರೆ, ಮೂಳೆಗೆ ಮಾಂಸವನ್ನು ಬಿಗಿಯುವ ಹುರಿಗಳೇ ಬೇರೆ ಎಂದು ಬಿಡಿಸಿ ಹೇಳುವವರೆಗೆ ಎರಡಕ್ಕೂ ಒಂದೇ ಹೆಸರಿತ್ತು. ಸಂಸ್ಕೃತದ ‘ಸ್ನಾಯು’ ಈ ಗ್ರೀಕ್ ಪದದ ದಾಯಾದಿ. ಸುಶ್ರುತ ಸಂಹಿತೆ ದೇಹದಲ್ಲಿ 900 ಸ್ನಾಯುಗಳನ್ನು ಎಣಿಸುತ್ತದೆ. ಅಲ್ಲಿಯೂ ಅರ್ಥ ಕಟ್ಟುವ ಹುರಿಯೇ. ಮುಂದೆ ಆ ಒಂದು ಪದ ಭಾರತೀಯ ಭಾಷೆಗಳಲ್ಲಿ ದಿಕ್ಕಾಪಾಲಾಯಿತು. ಕನ್ನಡದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಹಿಂದಿಯಲ್ಲಿ, ಬಂಗಾಳಿಯಲ್ಲಿ ಸ್ನಾಯು ಎಂದರೆ ನರ. ದೆಹಲಿಗೆ ಬಂದ ಕನ್ನಡಿಗನಿಗೆ ಹಿಂದಿ ವೈದ್ಯರು ‘ಸ್ನಾಯು ದುರ್ಬಲವಾಗಿದೆ’ ಎಂದರೆ ಅವನು ಮರುದಿನದಿಂದ ಜಿಮ್‌ಗೆ ಹೊರಡಬಹುದು. ಆಸ್ಪತ್ರೆಯ ಫಲಕಗಳ ಹಿಂದಿಯಲ್ಲಿ ನರಕ್ಕೆ ‘ತಂತ್ರಿಕಾ’ ಎನ್ನುತ್ತಾರೆ. ಅದೂ ತಂತಿಯೇ.

ನಮ್ಮ ‘ನರ’ ಮಾತ್ರ ಇವತ್ತಿಗೂ ಹೀರೊಫಿಲಸ್‌ಗಿಂತ ಹಿಂದಿನ ಕಾಲದಲ್ಲೇ ಇದೆ. ಡ್ರಿಪ್ ಹಾಕಲು ಬಂದ ನರ್ಸು ಮೊಣಕೈ ತಟ್ಟಿ ‘ನರ ಸಿಗ್ತಾ ಇಲ್ಲ’ ಎಂದರೆ ಅದು ರಕ್ತನಾಳ. ಬೆಳಿಗ್ಗೆ ಏಳುವಾಗ ‘ಕುತ್ತಿಗೆ ನರ ಹಿಡ್ಕೊಂಡಿದೆ’ ಎಂದರೆ ಅದು ಮಾಂಸಖಂಡದ ಸೆಳೆತ. ‘ಸಿಟ್ಟಿಗೆ ಹಣೆಯ ನರ ಉಬ್ಬಿತು’ ಎಂದಾಗ ಮತ್ತೆ ರಕ್ತನಾಳ. ‘ನರಮಂಡಲ’ ಎಂದಾಗ ಮಾತ್ರ ಅದು ಜೀವಶಾಸ್ತ್ರದ ಪಾಠದ ನರ. ಹಿಂದಿಯ ‘ನಸ್’ ಕೂಡ ಹೀಗೇ. ಭಾಷೆಗೆ ಇದರಿಂದ ನಷ್ಟವೇನಿಲ್ಲ. ಆಡುವವರಿಗೂ ಕೇಳುವವರಿಗೂ ಸಂದರ್ಭ ಗೊತ್ತಿರುತ್ತದೆ. ತೊಂದರೆ ಶುರುವಾಗುವುದು ಈ ನರಕ್ಕೆ ಮನಸ್ಸಿನ ಭಾರವನ್ನೂ ಹೊರಿಸಿದಾಗ. ಆ ಕೆಲಸ ನಡೆದದ್ದು ಯುರೋಪಿನಲ್ಲಿ.

ಹೆದೆ ಗಟ್ಟಿಯಾಗಿದ್ದರೆ ಬಿಲ್ಲು ಗಟ್ಟಿ. ಹಾಗಾಗಿ ಹಳೆಯ ಇಂಗ್ಲಿಷಿನಲ್ಲಿ ‘ನರ್ವಸ್’ ಮನುಷ್ಯ ಎಂದರೆ ಕಸುವುಳ್ಳವನು, ಹುರಿಗಟ್ಟಿದ ಮೈಯವನು. ‘ನರ್ವಸ್’ ಗದ್ಯ ಎಂದರೆ ಬಿಗಿಯಾದ, ಸತ್ವವುಳ್ಳ ಗದ್ಯ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಪ್ರಸಿದ್ಧ ನಿಘಂಟನ್ನು ಹೊರತಂದಾಗ ಈ ಪದಕ್ಕೆ ಕೊಟ್ಟ ಮೊದಲ ಅರ್ಥ ಬಲಶಾಲಿ ಎಂಬುದೇ. ನರಕ್ಕೆ ಸಂಬಂಧಿಸಿದ್ದು ಎಂಬುದು ಎರಡನೆಯದು. ದುರ್ಬಲ ನರದವನು ಎಂಬ ಅರ್ಥ ಮೂರನೆಯ ಸ್ಥಾನದಲ್ಲಿ ಬರುತ್ತದೆ, ಅದೂ ಇದು ವೈದ್ಯರ ಬಡಬಡಿಕೆ ಎಂಬ ಷರಾದೊಂದಿಗೆ. ಜೀವನವಿಡೀ ಮಂಕು ಕವಿದ ಮನಸ್ಸಿನ ಜೊತೆ ಗುದ್ದಾಡಿದ ಜಾನ್ಸನ್ನನಿಗೆ ವೈದ್ಯರ ಆ ಹೊಸ ಫ್ಯಾಷನ್ ರುಚಿಸಿರಲಿಲ್ಲ ಎಂದು ಕಾಣುತ್ತದೆ. ಪಾಪ, ನಿಘಂಟುಕಾರ ಷರಾ ಬರೆದರೆ ಭಾಷೆ ನಿಲ್ಲುವುದುಂಟೇ? ಆ ಮೂರನೆಯ ಅರ್ಥವೇ ಮೊದಲೆರಡನ್ನು ಹಿಂದಕ್ಕೆ ತಳ್ಳಿ ಮುಂದೆ ಬಂದು ಕೂತಿತು. ಬಲಶಾಲಿ ಎಂಬ ಅರ್ಥದಲ್ಲಿ ಈಗ ಯಾರೂ ಅದನ್ನು ಬಳಸುವುದಿಲ್ಲ.

ಹಳೆಯ ಅರ್ಥವನ್ನು ಹಿಂದಕ್ಕೆ ತಳ್ಳಿದವರಲ್ಲಿ ಮುಖ್ಯನಾದವನು ಜಾರ್ಜ್ ಚೇನ್ ಎಂಬ ಸ್ಕಾಟಿಷ್ ವೈದ್ಯ. 1733ರಲ್ಲಿ ‘ದಿ ಇಂಗ್ಲಿಷ್ ಮ್ಯಾಲಡಿ’ ಎಂಬ ಪುಸ್ತಕ ಬರೆದು, ಇಂಗ್ಲೆಂಡಿನ ಅನುಕೂಲಸ್ಥರ ಕಾಯಿಲೆಗಳಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಪಾಲು ನರಸಂಬಂಧಿ ಎಂದ. ಕಾರಣ: ಭರ್ಜರಿ ಊಟ, ಸೋಮಾರಿತನ, ಊರಿನ ಗಜಿಬಿಜಿ. ಚೇನ್ ತಾನೇ ಸುಮಾರು ಎರಡು ನೂರು ಕಿಲೋ ತೂಗುತ್ತಿದ್ದವನು. ಹಾಲು, ತರಕಾರಿ ಹಿಡಿದು ಇಳಿಸಿಕೊಂಡ. ಅವನ ಮಾತಿನೊಳಗೆ ಒಂದು ಜಾಣತನವಿತ್ತು. ಒರಟು ನರದ ರೈತನಿಗೆ ಈ ಕಾಯಿಲೆ ಬರುವುದಿಲ್ಲ, ನಾಜೂಕು ನರದ ಸಂಸ್ಕಾರವಂತರಿಗೇ ಬರುವುದು ಎಂಬ ಸೂಚನೆ ಅದು. ರೋಗಿಗೆ ಇದಕ್ಕಿಂತ ಹಿತವಾದ ರೋಗನಿರ್ಣಯ ಬೇರೆ ಯಾವುದಿದ್ದೀತು! ಎಂಬತ್ತು ವರ್ಷದ ನಂತರ, 1813ರಲ್ಲಿ, ಜೇನ್ ಆಸ್ಟೆನ್ ‘ಪ್ರೈಡ್ ಅಂಡ್ ಪ್ರಿಜುಡೀಸ್’ನಲ್ಲಿ ಮಾತುಮಾತಿಗೂ ತನ್ನ ನರಗಳ ಹೆಸರು ಹೇಳಿ ಮನೆಮಂದಿಯನ್ನೆಲ್ಲ ಕುಣಿಸುವ ಶ್ರೀಮತಿ ಬೆನೆಟ್‌ಳನ್ನು ತಂದಳು. ನರ ಅಷ್ಟರಲ್ಲಿ ನಗೆಯ ವಸ್ತುವೂ ಆಗಿತ್ತು.

1869ರಲ್ಲಿ ನ್ಯೂಯಾರ್ಕಿನ ವೈದ್ಯ ಜಾರ್ಜ್ ಬಿಯರ್ಡ್ ಈ ನರದ ಕಾಯಿಲೆಗೆ ‘ನ್ಯೂರಸ್ತೇನಿಯಾ’ ಎಂಬ ಹೆಸರನ್ನು ಜನಪ್ರಿಯಗೊಳಿಸಿದ. ಪದವನ್ನು ಬಿಡಿಸಿದರೆ ನರದ ನಿತ್ರಾಣ. ಟೆಲಿಗ್ರಾಫ್, ಉಗಿಯಂತ್ರ, ಪತ್ರಿಕೆಗಳು, ಹೆಂಗಸರ ಓದು, ಇವೆಲ್ಲ ಸೇರಿ ಅಮೆರಿಕನ್ನರ ನರಶಕ್ತಿಯನ್ನು ಹೀರುತ್ತಿವೆ ಎಂದು 1881ರಲ್ಲಿ ಅವನು ಪುಸ್ತಕವನ್ನೇ ಬರೆದ. ಇವತ್ತು ಮೊಬೈಲಿನ ಮೇಲೆ ಹೊರಿಸುವ ಆರೋಪಗಳನ್ನು ಅವನು ಟೆಲಿಗ್ರಾಫಿನ ಮೇಲೆ ಹೊರಿಸಿದ್ದ. ಬ್ರಿಟಿಷ್ ಇಂಡಿಯಾದ ಸಾಹೇಬರಿಗೂ ಇದೇ ಕಾಯಿಲೆಯ ‘ಉಷ್ಣವಲಯದ’ ಆವೃತ್ತಿ ಬರತೊಡಗಿತು. ಮದ್ದು, ಬೆಟ್ಟದ ಊರಿಗೆ ರಜೆ. ಚೀನಾ, ಜಪಾನುಗಳಲ್ಲಿ ಆ ಹೆಸರು ಆಯಾ ಭಾಷೆಗೆ ಅನುವಾದಗೊಂಡು ಗಟ್ಟಿಯಾಗಿ ಬೇರು ಬಿಟ್ಟಿತು. ಪಶ್ಚಿಮದ ವೈದ್ಯರು ಅದನ್ನು ಕೈಬಿಟ್ಟ ಮೇಲೂ ಚೀನಾದ ಆಸ್ಪತ್ರೆಗಳಲ್ಲಿ ನರದೌರ್ಬಲ್ಯದ ರೋಗಿಗಳು ಧಾರಾಳವಾಗಿದ್ದರು. 1980ರ ದಶಕದಲ್ಲಿ ಅಲ್ಲಿ ಅಧ್ಯಯನ ನಡೆಸಿದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್, ಅವರಲ್ಲಿ ಬಹುಪಾಲು ಜನರನ್ನು ಖಿನ್ನತೆಯ ರೋಗಿಗಳೆಂದೂ ಗುರುತಿಸಬಹುದು ಎಂದರು. ಸಾಂಸ್ಕೃತಿಕ ಕ್ರಾಂತಿಯ ಕಾಲದ ಸಂಕಟವನ್ನು ಮನಸ್ಸಿನ ಹೆಸರಲ್ಲಿ ಹೇಳುವುದು ಅಪಾಯವಾಗಿತ್ತು, ನರದ ಹೆಸರಲ್ಲಿ ಹೇಳಿದರೆ ರಜೆಯಾದರೂ ಸಿಗುತ್ತಿತ್ತು.

ನಮ್ಮಲ್ಲಿ? ‘ನರದೌರ್ಬಲ್ಯ’ ಎಂಬ ಪದವನ್ನು ನೋಡದ ಕನ್ನಡಿಗನಿಲ್ಲ. ಬಸ್ ನಿಲ್ದಾಣದ ಗೋಡೆ, ಮೂತ್ರಾಲಯದ ಬಾಗಿಲು, ಪತ್ರಿಕೆಯ ಮೂಲೆಯ ಜಾಹೀರಾತು; ಇಂಥ ತಾರೀಖು ಇಂಥ ಊರಿನ ಇಂಥ ಲಾಡ್ಜಿನಲ್ಲಿ ವೈದ್ಯರು ಸಿಗುತ್ತಾರೆ, ಗುಟ್ಟು ಕಾಪಾಡಲಾಗುವುದು. ದೆಹಲಿಗೆ ರೈಲಿನಲ್ಲಿ ಬರುವವರಿಗೆ ಊರು ಹತ್ತಿರವಾದದ್ದು ತಿಳಿಯುವುದೇ ಹಳಿಯ ಪಕ್ಕದ ಗೋಡೆಗಳ ಹಕೀಮರ ಬರಹದಿಂದ. ಈ ಜಾಹೀರಾತಿನ ನರದೌರ್ಬಲ್ಯ ನರಕ್ಕೂ ಸಂಬಂಧಿಸಿದ್ದಲ್ಲ, ನರ್ವಸ್ ಸ್ವಭಾವಕ್ಕೂ ಅಲ್ಲ. ಹದಿಹರೆಯದ ಹುಡುಗರ ಲೈಂಗಿಕ ಭಯಕ್ಕೆ ಹಾಕಿದ ಮುಸುಕು ಅದು. ವೀರ್ಯ ಸೋರಿಹೋಯಿತು, ಆದ್ದರಿಂದ ನಿತ್ರಾಣ, ಆದ್ದರಿಂದ ಎದೆ ಹೊಡೆತ ಎಂದು ಹೆದರಿ ಬರುವ ಗಂಡಸರ ತೊಂದರೆಗೆ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟವರು ಮನೋವೈದ್ಯ ನರೇಂದ್ರನಾಥ ವಿಗ್. ಮುಂದೆ ಏಮ್ಸ್‌ನ ಮನೋವೈದ್ಯ ವಿಭಾಗವನ್ನೂ ನಡೆಸಿದವರು. ಕಾಯಿಲೆ ಇದ್ದದ್ದು ಧಾತುವಿನಲ್ಲಲ್ಲ, ಭಯದಲ್ಲಿ. ಆ ಭಯಕ್ಕೆ ಲೇಹ್ಯ ಮಾರುವವರು ಮಾತ್ರ ಇನ್ನೂ ಗೋಡೆ ಬಿಟ್ಟಿಲ್ಲ. ಚೇನ್ ಶ್ರೀಮಂತರಿಗೆ ಹೊಗಳಿಕೆಯ ರೂಪದಲ್ಲಿ ಮಾರಿದ್ದನ್ನು ಇವರು ಬಡ ಹುಡುಗರಿಗೆ ನಾಚಿಕೆಯ ರೂಪದಲ್ಲಿ ಮಾರುತ್ತಿದ್ದಾರೆ ಅಷ್ಟೇ.

ಈಗ ಹೌಜ್ ಖಾಸ್‌ನ ಜಿಂಕೆಗಳ ಕಡೆ ಬರೋಣ. ನರ್ವಸ್ ಜಾಯಮಾನ ಎಂದರೆ ಏನು ಎಂಬುದಕ್ಕೆ ಅವಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಅಲಾವುದ್ದೀನ್ ಖಿಲ್ಜಿ ತನ್ನ ಸಿರಿ ಪಟ್ಟಣಕ್ಕೆ ನೀರುಣಿಸಲು ತೋಡಿಸಿದ ಕೆರೆ, ಹದಿನಾಲ್ಕನೇ ಶತಮಾನದ ನಡುವೆ ಅದರ ಹೂಳೆತ್ತಿಸಿ ದಂಡೆಯಲ್ಲಿ ಮದರಸಾ ಕಟ್ಟಿಸಿದ ಫಿರೋಜ್ ಷಾ ತುಘಲಕ್, ಅಲ್ಲೇ ಇರುವ ಅವನ ಗೋರಿ. ಇವಕ್ಕೆ ಒತ್ತಿಕೊಂಡಂತೆ ಇರುವುದು ದೆಹಲಿಯ ಮೊದಲ ಲೆಫ್ಟಿನೆಂಟ್ ಗವರ್ನರ್ ಆದಿತ್ಯನಾಥ ಝಾ ಅವರ ಹೆಸರಿನ ಜಿಂಕೆ ಉದ್ಯಾನ. 1960ರ ದಶಕದಲ್ಲಿ ಬೆರಳೆಣಿಕೆಯ ಜಿಂಕೆಗಳಿಂದ ಶುರುವಾದ ಸಂಸಾರ ಸುಮಾರು 600ಕ್ಕೆ ಮುಟ್ಟಿತು. ಜಾಗ ಸಾಲದು, ಒಳಸಂಬಂಧದಲ್ಲೇ ಸಂತತಿ ಬೆಳೆಯುತ್ತಿದೆ ಎಂಬ ಕಾರಣಕ್ಕೆ 2023ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಈ ಕಿರುಮೃಗಾಲಯದ ಮಾನ್ಯತೆ ರದ್ದುಮಾಡಿ, ಜಿಂಕೆಗಳನ್ನು ರಾಜಸ್ಥಾನದ ಕಾಡುಗಳಿಗೂ ದೆಹಲಿಯ ಅಸೋಲಾ ಭಾಟಿ ಅಭಯಾರಣ್ಯಕ್ಕೂ ಸಾಗಿಸುವ ತೀರ್ಮಾನವಾಯಿತು. ಒಂದಷ್ಟು ಹೋದವು. ಪ್ರಾಣಿಪ್ರಿಯರು ಕೋರ್ಟಿಗೆ ಹೋದರು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಏರಿತು.

ಅಷ್ಟೊಂದು ಗಲಾಟೆ ಏಕೆ, ಲಾರಿಯಲ್ಲಿ ತುಂಬಿ ಕಳಿಸಿದರಾಯಿತಲ್ಲ ಎನ್ನುವವರಿಗೆ ಜಿಂಕೆಯ ಜಾಯಮಾನ ಗೊತ್ತಿಲ್ಲ. ಹಿಡಿಯಲು ಅಟ್ಟಿಸಿಕೊಂಡು ಹೋದರೆ ಜಿಂಕೆ ಭಯಕ್ಕೇ ಸಾಯಬಹುದು. ಇದು ಉತ್ಪ್ರೇಕ್ಷೆಯ ಮಾತಲ್ಲ. ಪಶುವೈದ್ಯದಲ್ಲಿ ಅದಕ್ಕೆ ‘ಕ್ಯಾಪ್ಚರ್ ಮಯೋಪತಿ’ ಎಂಬ ಹೆಸರಿದೆ. ಭಯ ಮತ್ತು ಓಟ ಎರಡೂ ಮಿತಿ ಮೀರಿದಾಗ ಮಾಂಸಖಂಡಗಳಿಗೆ ಪ್ರಾಣವಾಯು ಸಾಲದೆ ಆಮ್ಲ ಶೇಖರವಾಗುತ್ತದೆ, ಮೈ ಕಾವೇರುತ್ತದೆ, ಮಾಂಸಖಂಡದ ಎಳೆಗಳು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡುತ್ತದೆ. ಕೆಲವು ಅಲ್ಲೇ ಬೀಳುತ್ತವೆ. ಕೆಲವು ಚೆನ್ನಾಗಿಯೇ ಇದ್ದು ಕೆಲವು ದಿನ, ಕೆಲವು ವಾರ ಕಳೆದ ಮೇಲೆ ಸಾಯುತ್ತವೆ. ಒಮ್ಮೆ ಬಂದರೆ ಖಾತ್ರಿಯಾದ ಮದ್ದಿಲ್ಲ. ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. ಅದಕ್ಕಾಗಿಯೇ ಆಫ್ರಿಕದಿಂದ ಬಂದ ‘ಬೋಮಾ’ ಪದ್ಧತಿ: ಆಲಿಕೆಯ ಆಕಾರದಲ್ಲಿ ಬಟ್ಟೆ ಕಟ್ಟಿ, ಆಚೆಗಿನದೇನೂ ಕಾಣದಂತೆ ಮಾಡಿ, ಮೇವಿನ ಆಸೆ ತೋರಿಸಿ, ಯಾರೂ ಮೈ ಮುಟ್ಟದೆ ಹಿಂಡನ್ನು ತಾನಾಗಿಯೇ ಲಾರಿಗೆ ನಡೆಸುವುದು. ತಂಪು ಹೊತ್ತಿನಲ್ಲಿ, ಸದ್ದಿಲ್ಲದೆ. ಮಧ್ಯಪ್ರದೇಶದಲ್ಲಿ ಚುಕ್ಕೆ ಜಿಂಕೆಗಳನ್ನು ಹೀಗೆ ಸಾಗಿಸಿದ್ದಾರೆ.

ಹಾಗಾದರೆ ಜಿಂಕೆಯ ಈ ಪುಕ್ಕಲುತನ ದೋಷವೇ? ಬಂಡೀಪುರದಲ್ಲೋ ನಾಗರಹೊಳೆಯಲ್ಲೋ ಜೀಪಿನಲ್ಲಿ ಕೂತವರಿಗೆ ಉತ್ತರ ಗೊತ್ತು. ಎಲೆ ಅಲುಗಿದರೂ ತಲೆಯೆತ್ತುವ, ಬಾಲ ನಿಮಿರಿಸಿ ಮುಂಗಾಲು ನೆಲಕ್ಕೆ ಬಡಿಯುವ, ಕೂಗಿ ಹಿಂಡನ್ನೆಲ್ಲ ಎಚ್ಚರಿಸುವ ಜಿಂಕೆಯೇ ಹುಲಿಯ ಬಾಯಿ ತಪ್ಪಿಸಿಕೊಂಡು ಮರಿ ಹಾಕಿದ್ದು. ಧೈರ್ಯವಂತ ಜಿಂಕೆಗಳ ವಂಶ ಉಳಿದಿಲ್ಲ. ಕಾಡಿನಲ್ಲಿ ಕಾಯುವ ಗುಣವೇ ಲಾರಿಯೊಳಗೆ ಕೊಲ್ಲುತ್ತದೆ. ನರ್ವಸ್ ಎಂಬುದು ಜೀವಿಯ ಒಳಗಷ್ಟೇ ಇರುವ ಸಂಗತಿಯಲ್ಲ, ಜೀವಿ ಎಲ್ಲಿದೆ ಎಂಬುದರ ಮೇಲೂ ನಿಂತಿದೆ. ಬೆದರುವ ಸ್ವಭಾವಕ್ಕೆ ಇಂಗ್ಲಿಷಿನಲ್ಲಿ ‘ಸ್ಕಿಟಿಶ್’ ಎಂಬ ಪ್ರತ್ಯೇಕ ಪದವೂ ಇದೆ. ಕುದುರೆಯವರು ಬಳಸುವುದು ಹೆಚ್ಚು. ನಮ್ಮಲ್ಲಿ ಇದಕ್ಕೆ ‘ಬೆದರು’, ‘ಬೆಚ್ಚು’ ಎಂಬ ಕ್ರಿಯಾಪದಗಳಿವೆ. ಸಂತೆಯಲ್ಲಿ ಎತ್ತು ಕೊಳ್ಳುವವನು ‘ಬೆದರುತ್ತದಾ?’ ಎಂದು ಕೇಳಿಯೇ ಹಲ್ಲು ನೋಡುವುದು.

ಮನುಷ್ಯರ ಮರಿಗಳಲ್ಲೂ ಬೆದರುವ ಜಾಯಮಾನದವು ಹುಟ್ಟಿನಿಂದಲೇ ಇವೆ ಎಂದು ತೋರಿಸಿದವರು ಹಾರ್ವರ್ಡ್‌ನ ಮನೋವಿಜ್ಞಾನಿ ಜೆರೋಮ್ ಕೇಗನ್. ನಾಲ್ಕು ತಿಂಗಳ ಕೂಸುಗಳ ಮುಂದೆ ಹೊಸ ಆಟಿಕೆ ಅಲ್ಲಾಡಿಸಿ, ಹೊಸ ದನಿ ಕೇಳಿಸಿ ನೋಡಿದಾಗ ನೂರಕ್ಕೆ ಸುಮಾರು 20 ಕೂಸುಗಳು ಕೈಕಾಲು ಬಡಿದು ಅತ್ತವು. ಅಂಥ ಮಕ್ಕಳು ಬೆಳೆದ ಮೇಲೂ ಹೊಸಬರೆದುರು ಸಂಕೋಚಪಡುವ, ಎಚ್ಚರದಿಂದಿರುವ ಸಾಧ್ಯತೆ ಹೆಚ್ಚು. ಹೆಚ್ಚು ಎಂದರೆ ಹೆಚ್ಚು ಅಷ್ಟೇ, ಎಲ್ಲರೂ ಹಾಗಾಗಲಿಲ್ಲ. ಅಪ್ಪ ಅಮ್ಮ ಬೈಯದೆ, ಹಾಗೆಂದು ಸೆರಗಿನಲ್ಲೂ ಮುಚ್ಚಿಡದೆ, ಮೆಲ್ಲಗೆ ಹೊಸದಕ್ಕೆ ಒಡ್ಡಿಸಿದ ಮಕ್ಕಳು ಎಷ್ಟೋ ಮಟ್ಟಿಗೆ ಸಡಿಲವಾದರು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಅರ್ಧ ಸತ್ಯ. ಹೋಗುವುದಿಲ್ಲ, ಆದರೆ ಪಳಗುತ್ತದೆ.

ಇನ್ನು ಗಳಿಗೆಯ ನರ್ವಸ್. ಇದನ್ನು ನಾನು ಸ್ವಲ್ಪ ಹೊಗಳಬೇಕೆಂದಿದ್ದೇನೆ. 1908ರಲ್ಲಿ ರಾಬರ್ಟ್ ಯರ್ಕಿಸ್ ಮತ್ತು ಜಾನ್ ಡಾಡ್ಸನ್ ಎಂಬಿಬ್ಬರು ಇಲಿಗಳಿಗೆ ಬೆಳಕು ಕತ್ತಲೆಗಳ ವ್ಯತ್ಯಾಸ ಗುರುತಿಸುವ ಪಾಠ ಹೇಳಿ, ತಪ್ಪಿದಾಗಲೆಲ್ಲ ವಿದ್ಯುತ್ ಷಾಕ್ ಕೊಟ್ಟರು. ಪಾಠ ಕಷ್ಟದ್ದಾಗಿದ್ದಾಗ ತೀರಾ ಸಣ್ಣ ಷಾಕಿಗೂ ಇಲಿ ಬೇಗ ಕಲಿಯಲಿಲ್ಲ, ದೊಡ್ಡ ಷಾಕಿಗೂ ಕಲಿಯಲಿಲ್ಲ, ನಡುವಿನದಕ್ಕೆ ಕಲಿಯಿತು. ಇಲಿಯ ಪ್ರಯೋಗವನ್ನು ಮನುಷ್ಯರ ಮೇಲೆ ಹಿಗ್ಗಿಸಿ ಮಾತಾಡುವುದು ಅತಿಯಾಗಿದೆ, ನಿಜ. ಆದರೂ ಪರೀಕ್ಷೆಯ ಹಿಂದಿನ ರಾತ್ರಿ ಎದೆ ಸ್ವಲ್ಪವೂ ಹೊಡೆದುಕೊಳ್ಳದವನು ಪುಸ್ತಕ ತೆರೆಯುವುದಿಲ್ಲ ಎಂಬುದನ್ನು ಯಾವ ಮೇಷ್ಟ್ರಾದರೂ ಒಪ್ಪುತ್ತಾರೆ. ಕ್ರಿಕೆಟ್ಟಿನಲ್ಲಿ ‘ನರ್ವಸ್ ನೈಂಟೀಸ್’ ಎನ್ನುತ್ತಾರಲ್ಲ, ಅದರ ದಾಖಲೆ ಯಾರ ಹೆಸರಿನಲ್ಲಿದೆ? ಟೆಸ್ಟ್‌ಗಳಲ್ಲಿ ಹತ್ತು ಸಲ ತೊಂಬತ್ತರ ಮನೆಯಲ್ಲೇ ಉಳಿದ ಮೂವರು ಸ್ಟೀವ್ ವಾ, ಸಚಿನ್ ತೆಂಡೂಲ್ಕರ್ ಮತ್ತು ನಮ್ಮ ರಾಹುಲ್ ದ್ರಾವಿಡ್. ದ್ರಾವಿಡರ ಮೊದಲ ಟೆಸ್ಟ್ ಇನಿಂಗ್ಸೇ, 1996ರ ಲಾರ್ಡ್ಸ್‌ನಲ್ಲಿ, 95 ರನ್. ‘ಗೋಡೆ’ ಎಂದು ಹೆಸರಾದ ಮನುಷ್ಯ. ಅವರು 36 ಟೆಸ್ಟ್ ಶತಕ ಹೊಡೆದರು ಎಂಬುದೂ ಅದೇ ಲೆಕ್ಕದ ಇನ್ನೊಂದು ಪುಟ. ತೊಂಬತ್ತರಲ್ಲಿ ಹತ್ತು ಸಲ ಉಳಿಯಬೇಕಾದರೆ ತೊಂಬತ್ತನ್ನು ಅದಕ್ಕಿಂತ ಎಷ್ಟೋ ಹೆಚ್ಚು ಸಲ ಮುಟ್ಟಿರಬೇಕು.

ಕೋಚಿಂಗ್ ಹುಡುಗನಿಗೆ ಊರಿನಿಂದ ಫೋನು ಬರುತ್ತದೆ. ‘ಟೆನ್ಶನ್ ಮಾಡ್ಕೋಬೇಡ ಕಣೋ, ಆರಾಮಾಗಿರು’ ಎನ್ನುತ್ತಾರೆ ಅಮ್ಮ. ಒಳ್ಳೆಯ ಮನಸ್ಸಿನ ಮಾತು, ಆದರೆ ಹೆಚ್ಚು ಉಪಯೋಗವಿಲ್ಲ. ಹೊಡೆದುಕೊಳ್ಳುವ ಎದೆಗೆ ಸುಮ್ಮನಿರು ಎಂದರೆ ಅದು ಕೇಳುವುದಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಡುವ, ಭಾಷಣ ಮಾಡುವ, ಲೆಕ್ಕ ಬಿಡಿಸುವ ಮುಂಚೆ ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನಾನು ಉಮೇದಿನಲ್ಲಿದ್ದೇನೆ’ ಎಂದುಕೊಂಡವರು ಚೆನ್ನಾಗಿ ಮಾಡಿದರು. ಕಾರಣ ಸರಳ. ಅಳುಕಿನಲ್ಲೂ ಉಮೇದಿನಲ್ಲೂ ದೇಹ ಮಾಡುವುದು ಒಂದೇ: ಎದೆಬಡಿತ ಏರಿಸುತ್ತದೆ, ಅಂಗೈ ಬೆವರಿಸುತ್ತದೆ. ಅಲ್ಲಿಂದ ಶಾಂತಿಗೆ ಇಳಿಯುವುದು ದೂರದ ದಾರಿ, ಉಮೇದಿಗೆ ಹೊರಳುವುದು ಹತ್ತಿರದ್ದು. ಉತ್ತರ ಕರ್ನಾಟಕದ ಅಜ್ಜಿಯರು ‘ಉಮೇದಿಲೆ ಹೋಗಿ ಬಾ’ ಎಂದು ಕಳಿಸುತ್ತಿದ್ದದ್ದೇ ಸರಿ ಇತ್ತು.

ಟೆನ್ಶನ್ ಎಂಬ ಪದದ ಬಗ್ಗೆ ನನ್ನ ತಕರಾರು ಬೇರೆಯೇ ಇದೆ. ಅದೂ ಎಳೆದು ಬಿಗಿದ ತಂತಿಯ ಪದವೇ. ಹಿಂದಿಯಲ್ಲೂ ಕನ್ನಡದಲ್ಲೂ ಈಗ ಅದು ಸಕಲ ರೋಗಕ್ಕೂ ಒಂದೇ ಚೀಟಿ. ಗ್ಯಾಸ್ ಸಿಲಿಂಡರ್ ಬಾರದಿದ್ದರೂ ಟೆನ್ಶನ್, ಮಗಳ ಮದುವೆಯೂ ಟೆನ್ಶನ್, ಆರು ತಿಂಗಳಿಂದ ನಿದ್ದೆಯಿಲ್ಲದಿದ್ದರೂ ಟೆನ್ಶನ್. ಅಮೆರಿಕದ ಮಾನವಶಾಸ್ತ್ರಜ್ಞೆ ಲೆಸ್ಲಿ ಜೋ ವೀವರ್ ದೆಹಲಿಯ ಹೆಂಗಸರ ನಡುವೆ ಅಧ್ಯಯನ ಮಾಡಿ, ಈ ಟೆನ್ಶನ್ ಬಗ್ಗೆಯೇ 2017ರಲ್ಲಿ ಒಂದು ಪ್ರಬಂಧ ಬರೆದರು. ಅವರಿಗೆ ಕಂಡದ್ದು, ದೆಹಲಿಯ ಮನೆಗಳಲ್ಲಿ ಟೆನ್ಶನ್ ಎಂದರೆ ಬರೀ ಭಯವಲ್ಲ. ಸಿಟ್ಟು, ಸಿಡುಕು, ಅದೇ ಯೋಚನೆ ತಿರುತಿರುಗಿ ಬರುವುದು, ಮನೆಯೊಳಗಿನ ಜಗಳ ಎಲ್ಲ ಅದರೊಳಗಿವೆ. ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳಲು ಹೆಂಗಸರಿಗೆ ಸಿಕ್ಕ ಮರ್ಯಾದೆಯ ಪದ ಅದು. ಆ ಮಟ್ಟಿಗೆ ಅದರಿಂದ ಉಪಕಾರವೇ ಆಗಿದೆ. ಆದರೆ ವೈದ್ಯರ ಮುಂದೆ ಕೂತಾಗ ‘ಟೆನ್ಶನ್’ ಎಂದಷ್ಟೇ ಹೇಳಿ ಎದ್ದು ಬಂದರೆ ಅವರಿಗೆ ಏನೂ ಹೇಳಿದಂತಾಗಲಿಲ್ಲ.

ಹೇಳಲು ನಮ್ಮಲ್ಲಿ ಪದಗಳಿಗೇನು ಬರ? ಅಳುಕು ಬೇರೆ, ದಿಗಿಲು ಬೇರೆ, ಕಳವಳ ಬೇರೆ. ಹಠಾತ್ತನೆ ಬಂದದ್ದು ಗಾಬರಿ. ದೆಹಲಿಯವರ ‘ಘಬರಾಹಟ್’ ಅದೇ ಬಳ್ಳಿಯದು. ಕಾರಣ ಗೊತ್ತಿಲ್ಲದೆ ಒಳಗೊಳಗೇ ಕುದಿಯುವುದು ತಳಮಳ. ಒಂದು ಕಡೆ ಕೂರಲಾಗದ್ದು ಚಡಪಡಿಕೆ. ಮುಂದೇನಾಗುವುದೋ ಎಂಬುದು ಆತಂಕ. ಜನರ ನಡುವೆ ಮೈ ಹಿಡಿಯಾಗುವುದು ಸಂಕೋಚ. ಗುಣವೇ ಹಾಗಿದ್ದರೆ ಪುಕ್ಕಲ, ಅಳ್ಳೆದೆಯವನು, ಅಂಜುಬುರುಕ. ಇವು ಮೂರೂ ಬೈಗುಳದ ಅಂಚಿನಲ್ಲಿವೆ, ಮಕ್ಕಳ ಮೇಲೆ ಪ್ರಯೋಗಿಸಬಾರದು. ಎದೆ ಢವಢವ ಎನ್ನುವುದು, ಎದೆ ಧಸಕ್ಕೆನ್ನುವುದು, ಎದೆ ಝಲ್ಲೆನ್ನುವುದು ಮೂರೂ ಮೂರು ಬಗೆ. ಆಡುವವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತು. ಕನ್ನಡದ ಅಳುಕು ನರದಲ್ಲಿಲ್ಲ, ಎದೆಯಲ್ಲಿ, ಹೊಟ್ಟೆಯಲ್ಲಿ, ಕೈಕಾಲಿನಲ್ಲಿದೆ. ಮನಸ್ಸಿನ ವಿಷಯವನ್ನು ಈ ಕನ್ನಡದಲ್ಲೇ ಬರೆದು ತೋರಿಸಿದವರು ನಮ್ಮಲ್ಲಿದ್ದಾರೆ. ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು 1942ರಲ್ಲಿ ಶುರುಮಾಡಿದ ಡಾ. ಎಂ. ಶಿವರಾಂ, ಅಂದರೆ ‘ರಾಶಿ’, ವೃತ್ತಿಯಿಂದ ವೈದ್ಯರು; ಮನೋವೈಜ್ಞಾನಿಕ ಕೃತಿ ‘ಮನಮಂಥನ’ಕ್ಕೆ 1976ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸುವವರೇ ಮನಸ್ಸಿನ ಒಳಕೋಣೆಯನ್ನೂ ಬಲ್ಲವರಾಗಿದ್ದರು. ಆಮೇಲೆ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ದಶಕಗಟ್ಟಲೆ ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಈ ಕೆಲಸ ಮುಂದುವರಿಸಿದರು.

ಬಳಕೆಯ ಬಗ್ಗೆ ಒಂದೆರಡು ಮಾತು. ಇಂಗ್ಲಿಷಿನಲ್ಲಿ ‘ನಾನು ನರ್ವಸ್ ಆಗಿದ್ದೇನೆ’ ಎಂದರೆ ಈ ಗಳಿಗೆಯ ಮಾತು. ‘ಅವನು ನರ್ವಸ್ ಮನುಷ್ಯ’ ಎಂದರೆ ಸ್ವಭಾವದ ಮೇಲಿನ ತೀರ್ಪು. ನೌಕರಿಯ ಶಿಫಾರಸು ಪತ್ರದಲ್ಲಿ ಎರಡನೆಯದನ್ನು ಬರೆದರೆ ಆ ನೌಕರಿ ಹೋಯಿತೆಂದೇ ಲೆಕ್ಕ. ‘ಹೈಲಿ ಸ್ಟ್ರಂಗ್’ ಎಂದರೆ ಶ್ರುತಿ ಮೇಲೇರಿಸಿ ಬಿಗಿದ ತಂತಿಯಂಥವನು. ಅದರಲ್ಲಿ ನಿಂದೆಯ ಜೊತೆ ಒಂದು ಮೆಚ್ಚುಗೆಯೂ ಇದೆ, ಕಲಾವಿದರಿಗೆ ಬಳಸುತ್ತಾರೆ. ‘ಆಂಕ್ಷಸ್’ ಎಂಬುದಕ್ಕೆ ಎರಡು ಮುಖ: ಆತಂಕಪಡುವುದು ಒಂದು, ಏನನ್ನೋ ಮಾಡಲು ಹಾತೊರೆಯುವುದು ಇನ್ನೊಂದು. ಅರ್ಜಿಯಲ್ಲಿ ಅದನ್ನು ಬರೆಯುವ ಮುಂಚೆ ಎರಡು ಸಲ ಯೋಚಿಸಿ. ‘ನರ್ವಸ್ ಬ್ರೇಕ್‌ಡೌನ್’ ಯಾವ ವೈದ್ಯಗ್ರಂಥದಲ್ಲೂ ಇರುವ ಕಾಯಿಲೆಯಲ್ಲ. ಅದು ಜನರ ಮಾತು. ಖಿನ್ನತೆಯೋ, ಆತಂಕದ ಕಾಯಿಲೆಯೋ, ಇನ್ನೇನೋ ಎಂದು ವೈದ್ಯರು ಹೇಳುವವರೆಗೆ ಅದರಲ್ಲಿ ಮಾಹಿತಿ ಇಲ್ಲ, ಗುಲ್ಲು ಮಾತ್ರ ಇದೆ. ‘ನ್ಯೂರೋಸಿಸ್’ ಎಂಬುದನ್ನೂ ಅಮೆರಿಕದ ಮನೋವೈದ್ಯರು 1980ರಲ್ಲೇ ತಮ್ಮ ಅಧಿಕೃತ ಪಟ್ಟಿಯ ಮುಖ್ಯ ವರ್ಗೀಕರಣದಿಂದ ಕೆಳಗಿಳಿಸಿದರು.

ಉಳಿದದ್ದು ಕಾಯಿಲೆಯ ಗೆರೆ. ಸಂದರ್ಶನ ಮುಗಿದು ಚಹಾ ಕುಡಿಯುವಷ್ಟರಲ್ಲಿ ಇಳಿದುಹೋದರೆ ಅದು ಅಳುಕು. ಸಂದರ್ಶನ ಮುಗಿದ ಮೇಲೂ, ನೌಕರಿ ಸಿಕ್ಕ ಮೇಲೂ, ಹೆಚ್ಚಿನ ದಿನಗಳಲ್ಲಿ, ತಿಂಗಳುಗಟ್ಟಲೆ ಚಿಂತೆ ಬಿಡದೆ, ನಿದ್ದೆ ಕೆಟ್ಟು, ಮೈ ಬಿಗಿದು, ಗಮನ ನಿಲ್ಲದೆ, ಮನೆಯವರ ಮೇಲೆ ಸಿಡುಕಿ, ಕೆಲಸ ಕೆಡುವಂತಿದ್ದರೆ ಅದು ಆತಂಕದ ಕಾಯಿಲೆ ಇರಬಹುದು. ವೈದ್ಯರು ಸಾಮಾನ್ಯವಾಗಿ ಆರು ತಿಂಗಳ ಅಳತೆ ಇಟ್ಟುಕೊಳ್ಳುತ್ತಾರೆ. ಆದರೆ ತೋರಿಸಿಕೊಳ್ಳಲು ಆರು ತಿಂಗಳು ಕಾಯಬೇಕೆಂದೇನಿಲ್ಲ. ಮಾತಿನ ಚಿಕಿತ್ಸೆಯೂ ಮಾತ್ರೆಯೂ ಇದಕ್ಕೆ ಕೆಲಸ ಮಾಡುತ್ತವೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆತಂಕ, ಖಿನ್ನತೆಗಳಂಥ ಸಾಮಾನ್ಯ ಕಾಯಿಲೆಗಳಿದ್ದ ನೂರು ಜನರಲ್ಲಿ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರಲ್ಲಿ ಎಷ್ಟು ಮಂದಿ ‘ಸ್ವಲ್ಪ ನರ್ವಸ್ ಸ್ವಭಾವ’ ಎಂದು ಮನೆಯವರಿಂದ ಕರೆಸಿಕೊಂಡಿದ್ದರೋ.

ಮನೆಯಲ್ಲಿ ಅಂಥವರಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿ ಅದು. ದಿನದ 24 ಗಂಟೆಯೂ ಉಚಿತ. ದೆಹಲಿಯ ಹಾಸ್ಟೆಲಿನಿಂದ ಮಾಡಿದರೂ ಕನ್ನಡದಲ್ಲಿ ಮಾತಾಡಬೇಕೆಂದು ಕೇಳಿ. ಆ ಕಡೆಯವರು ಏನಾಗುತ್ತಿದೆ ಎಂದು ಕೇಳಿದಾಗ ಟೆನ್ಶನ್, ನರ್ವಸ್ ಎಂದು ಮುಗಿಸಬೇಡಿ. ಎದೆಗೆ ಏನಾಗುತ್ತದೆ, ಹೊಟ್ಟೆಗೆ ಏನಾಗುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಎಂದಿನಿಂದ ಎಂಬುದನ್ನು ನಿಮ್ಮ ಊರಿನ ಮಾತಿನಲ್ಲೇ ಹೇಳಿ.